ನಾಲಗೆ ತಡವರಿಸುವಲ್ಲಿ ಚಿತ್ರಕಥೆ

ಮಕ್ಕಳ ಕೈಯಲ್ಲಿ ಚಿತ್ರಕಥೆಯ ಪುಸ್ತಕವನ್ನು ಕಂಡೊಡನೆ ಹುಬ್ಬು ಗಂಟಿಕ್ಕುವುದು ಹಿರಿಯರ ಹಳೆಯ ವಾಡಿಕೆ. ಪಾಠಪುಸ್ತಕದ ನಡುವೆ ಅಡಗಿಸಿ ಓದುವ ವಸ್ತು, ರೈಲುಪ್ರಯಾಣದಲ್ಲಿ ಹೊತ್ತು ಕಳೆಯಲೆಂದು ಕೊಡಿಸಿ ಮನೆ ಸೇರಿದ ಮೇಲೆ ರದ್ದಿಗೆ ಹಾಕುವ ವಸ್ತು ಎಂಬುದೇ ನಮ್ಮ ಸಮಾಜ ಅದಕ್ಕೆ ಕೊಟ್ಟಿರುವ ಸ್ಥಾನ. ಓದಿನ ಸೋಪಾನದಲ್ಲಿ ಅದು ಕಟ್ಟಕಡೆಯ ಮೆಟ್ಟಲು. ಹೀಗಿರುವಾಗ ಹೆಣ್ಣು ಗಂಡೆಂಬ ಭೇದ, ಹರೆಯದ ದೇಹಧರ್ಮ, ಲೈಂಗಿಕತೆ ಮೊದಲಾದ, ಹಿರಿಯರೇ ಬಾಯಿಬಿಟ್ಟು ಮಾತನಾಡಲು ಅಂಜುವ ವಿಷಯಗಳನ್ನು ಮಕ್ಕಳಿಗೆ ತಿಳಿಸುವ ಕಾರ್ಯದಲ್ಲಿ ಈ ಚಿತ್ರಕಥೆಯನ್ನೇ ನೆರವಿಗೆ ಕರೆಯಬೇಕೆಂದು ನಾವು ಹೇಳಿದರೆ ವಾಚಕರಲ್ಲಿ ಕೆಲವರು ನಕ್ಕಾರು, ಕೆಲವರು ಮುನಿದಾರು. ನಕ್ಕವರೂ ಮುನಿದವರೂ ಈ ಕೆಲವು ಪುಟಗಳನ್ನು ಓದಿ ಮುಗಿಸುವಷ್ಟು ತಾಳ್ಮೆ ತೋರಬೇಕೆಂದು ನಮ್ಮ ಬಿನ್ನಹ.

ಮೊದಲು ನಮ್ಮ ಮಾತಿನ ಬಡತನವನ್ನು ನೋಡೋಣ. ಹುಡುಗಿಯೊಬ್ಬಳು ಮೊದಲ ಬಾರಿಗೆ ಋತುಮತಿಯಾದಾಗ ಕನ್ನಡದಲ್ಲಿ ಮರ್ಯಾದೆಯ ಮಾತುಗಳಿಗೆ ಕೊರತೆಯಿಲ್ಲ. ಮೈನೆರೆದಳು ಎನ್ನುತ್ತೇವೆ, ದೊಡ್ಡವಳಾದಳು ಎನ್ನುತ್ತೇವೆ. ಹಸೆಯ ಮೇಲೆ ಕೂಡಿಸಿ ಆರತಿ ಬೆಳಗುವ ಮನೆಗಳೂ ಉಂಟು. ಮರುತಿಂಗಳಿನಿಂದ ಅದೇ ಹುಡುಗಿ ‘ಹೊರಗಾದವಳು’. ‘ಮುಟ್ಟು’ ಎಂದು ಹೆಸರಿಟ್ಟುಕೊಂಡು, ಆ ದಿನಗಳಲ್ಲಿ ಏನನ್ನೂ ಮುಟ್ಟಬೇಡವೆಂದು ಕಟ್ಟಳೆ ಮಾಡಿದ ವಿಚಿತ್ರ ಜನ ನಾವು. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನೂ ತಳ್ಳಿಹಾಕಿದಾಗ ಅವುಗಳಲ್ಲಿ ರಜಸ್ಸೂತಕವೂ ಒಂದಾಗಿತ್ತು. ಆ ನಾಡಿನ ಮಕ್ಕಳೇ ಎಂಟುನೂರು ವರ್ಷಗಳ ತರುವಾಯವೂ ಉಪ್ಪಿನಕಾಯಿಯ ಭರಣಿಯನ್ನು ಹೆಣ್ಣುಮಗಳ ಕೈಯಿಂದ ಕಾಪಾಡುತ್ತಿರುವುದು ಹೆಮ್ಮೆಪಡುವ ಸಂಗತಿಯಲ್ಲ.

ದೇಹದ ಅಂಗಾಂಗಗಳ ಹೆಸರುಗಳಲ್ಲಿಯೂ ಇದೇ ಅವಸ್ಥೆ. ಕೆಲವು ಅಂಗಗಳಿಗೆ ನಮ್ಮಲ್ಲಿ ಎರಡೇ ಬಗೆಯ ಶಬ್ದಗಳಿವೆ: ಒಂದು ಬೀದಿಯ ಬೈಗುಳ, ಇನ್ನೊಂದು ವೈದ್ಯಗ್ರಂಥದ ಸಂಸ್ಕೃತ. ತಾಯಿ ಮಗಳೊಡನೆ, ತಂದೆ ಮಗನೊಡನೆ, ಗುರು ಶಿಷ್ಯರೊಡನೆ ಮುಖ ತಗ್ಗಿಸದೆ ಆಡಬಹುದಾದ ನಡುವಣ ಮಾತು ಬಳಕೆಗೆ ಬಂದೇ ಇಲ್ಲ. ಆದ್ದರಿಂದಲೇ ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ‘ಇದನ್ನು ಮನೆಯಲ್ಲಿ ಓದಿಕೊಳ್ಳಿರಿ’ ಎಂಬ ಅಪ್ಪಣೆಯೊಡನೆ ಪುಟಗಳು ಮಗುಚಿಹೋಗುವುದು ನಾಡಿನಾದ್ಯಂತ ಕಂಡುಬರುವ ಸಂಗತಿ. ಮನೆಯಲ್ಲಿ ಕೇಳಿದರೆ ‘ಶಾಲೆಯಲ್ಲಿ ಹೇಳಿಕೊಡುತ್ತಾರೆ’ ಎಂಬ ಉತ್ತರ. ಹೀಗೆ ಶಾಲೆ ಮನೆಯ ಕಡೆಗೆ, ಮನೆ ಶಾಲೆಯ ಕಡೆಗೆ ಬೊಟ್ಟು ಮಾಡುತ್ತಿರುವಾಗ ನಡುವೆ ನಿಂತ ಮಗುವಿನ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಹೊರನಾಡಿನಲ್ಲಿ ನೆಲಸಿದ ನಮ್ಮ ಮಕ್ಕಳ ಪಾಡು ಇನ್ನೂ ತೊಡಕಿನದು. ಊರಿನಲ್ಲಾದರೆ ಅಜ್ಜಿಯೋ ಅತ್ತಿಗೆಯೋ ಸೋದರತ್ತೆಯೋ ಗುಟ್ಟಾಗಿ ನಾಲ್ಕು ಮಾತು ಹೇಳಿಯಾರು. ಮುಂಬಯಿಯ ಚಾಳಿನ ಒಂದೇ ಕೋಣೆಯ ಸಂಸಾರದಲ್ಲಿ ಗುಟ್ಟಿಗೆ ಎಡೆಯೇ ಇಲ್ಲ. ಗುಟ್ಟು ಹೇಳುವ ಅಜ್ಜಿ ಊರಿನಲ್ಲಿಯೇ ಉಳಿದಿದ್ದಾಳೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಆಟದ ಬಯಲಿನಲ್ಲಿ ಹಿಂದಿ, ಅಂಗೈಯ ದೂರವಾಣಿಯಲ್ಲಿ ಇಂಗ್ಲಿಷು. ಯಾವ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಬೇಕೆಂದು ತಿಳಿಯದ ಮಗು ಕೊನೆಗೆ ಆ ದೂರವಾಣಿಯನ್ನೇ ಕೇಳುತ್ತದೆ. ಅದು ಕೊಡುವ ಉತ್ತರದಲ್ಲಿ ಸತ್ಯವೆಷ್ಟು, ಹೊಲಸೆಷ್ಟು ಎಂದು ಬೇರ್ಪಡಿಸಿ ಹೇಳುವ ಹಿರಿಯರು ಹತ್ತಿರ ಇರುವುದಿಲ್ಲ. ನಾವು ಸುಮ್ಮನಿದ್ದರೆ ಮಗು ಏನನ್ನೂ ಕಲಿಯದೆ ಮುಗ್ಧವಾಗಿ ಉಳಿಯುವುದೆಂಬ ನಂಬಿಕೆ ಇಂದಿನ ಕಾಲದಲ್ಲಿ ಶುದ್ಧ ಭ್ರಮೆ.

ಈ ಮೌನದ ಬೆಲೆ ಎಷ್ಟೆಂಬುದಕ್ಕೆ 2007ನೆಯ ವರ್ಷವೊಂದೇ ಸಾಕು. ಆ ವರ್ಷ ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಒಂದು ಅಧ್ಯಯನವನ್ನು ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಸಿದ್ಧಪಡಿಸಿದ ವರದಿ ಅದು. ತಮ್ಮ ಮೇಲೆ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ನಡೆದಿರುವುದಾಗಿ ಹೇಳಿದ ಮಕ್ಕಳು ಶೇಕಡಾ 53.22. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಗಂಡುಮಕ್ಕಳು ಎಂಬುದನ್ನು ಓದಿದಾಗ ‘ಹುಡುಗರಿಗೆ ಏನು ಭಯ’ ಎನ್ನುವವರ ಬಾಯಿ ಕಟ್ಟಬೇಕು. ಕಿರುಕುಳ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಪರಿಚಿತರೇ. ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವುದು ಹೇಗೆ? ಹೇಳಲು ಶಬ್ದವನ್ನೇ ನಾವು ಕಲಿಸಿರಲಿಲ್ಲವಲ್ಲ!

ಅದೇ 2007ರಲ್ಲಿಯೇ ಮತ್ತೊಂದು ಘಟನೆ ನಡೆಯಿತು. ಕೇಂದ್ರವು 2005ರಲ್ಲಿ ಆರಂಭಿಸಿದ್ದ ಹದಿಹರೆಯದವರ ಶಿಕ್ಷಣದ ಕಾರ್ಯಕ್ರಮವನ್ನು ಹಲವು ರಾಜ್ಯಗಳು ತಮ್ಮ ಶಾಲೆಗಳಲ್ಲಿ ನಿಲ್ಲಿಸಿದುವು. ನಾವು ಬಾಳುತ್ತಿರುವ ಮಹಾರಾಷ್ಟ್ರವೂ, ನಮ್ಮ ತಾಯ್ನಾಡಾದ ಕರ್ನಾಟಕವೂ ಅವುಗಳಲ್ಲಿ ಸೇರಿದ್ದುವು. ಶಿಕ್ಷಕರಿಗೆಂದು ಒದಗಿಸಿದ ಚಿತ್ರಪಟಗಳು ಅಶ್ಲೀಲವಾಗಿವೆ ಎಂಬುದು ಆಗ ಎದ್ದ ಕೂಗುಗಳಲ್ಲಿ ಮುಖ್ಯವಾದುದು. ಒಂದು ಕಡೆ ಮಕ್ಕಳ ಸಂಕಟದ ಲೆಕ್ಕ, ಇನ್ನೊಂದು ಕಡೆ ಆ ಸಂಕಟದಿಂದ ಪಾರಾಗುವ ತಿಳಿವಳಿಕೆಗೆ ಬೀಗ: ಎರಡೂ ಒಂದೇ ವರ್ಷದಲ್ಲಿ! ಆ ಚಿತ್ರಪಟಗಳಲ್ಲಿ ದೋಷಗಳಿದ್ದಿರಬಹುದು. ಚಿತ್ರ ಕೆಟ್ಟದಾಗಿದ್ದರೆ ಒಳ್ಳೆಯ ಚಿತ್ರವನ್ನು ಬರೆಯಿಸಬೇಕು. ಪಾಠವನ್ನೇ ಅಳಿಸಿಹಾಕುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಆದರೆ ಈ ಪ್ರಕರಣದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಇಂಥ ವಿಷಯದಲ್ಲಿ ಏನನ್ನು ಹೇಳುತ್ತೇವೆಂಬುದರಷ್ಟೇ ಯಾವ ರೂಪದಲ್ಲಿ ಹೇಳುತ್ತೇವೆಂಬುದೂ ಮುಖ್ಯ. ಅಂಗಾಂಗಗಳನ್ನು ತುಂಡುತುಂಡಾಗಿ ತೋರಿಸುವ ಪಟವು ಮಗುವನ್ನು ಬೆಚ್ಚಿಸುತ್ತದೆ. ಹೆಸರೂ ಮನೆಯೂ ಗೆಳತಿಯರೂ ಉಳ್ಳ ಒಬ್ಬ ಹುಡುಗಿಯ ಕಥೆಯು ಮಗುವನ್ನು ಹತ್ತಿರ ಕರೆಯುತ್ತದೆ. ಚಿತ್ರಕಥೆಯ ಶಕ್ತಿ ಇರುವುದು ಇಲ್ಲಿ.

ಚಿತ್ರಗಳನ್ನು ಸಾಲಾಗಿ ಜೋಡಿಸಿ ಕಥೆ ಹೇಳುವ ವಿದ್ಯೆ ನಮಗೆ ಪರದೇಶದಿಂದ ಬಂದುದಲ್ಲ. ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದಲ್ಲಿ ಹೊಯ್ಸಳರ ಕಾಲದ ಅಮೃತೇಶ್ವರ ದೇವಾಲಯವಿದೆ. ಅದರ ಹೊರಗೋಡೆಯ 140 ಶಿಲಾಫಲಕಗಳಲ್ಲಿ ರಾಮಾಯಣ, ಮಹಾಭಾರತ, ಕೃಷ್ಣಲೀಲೆಗಳು ಒಂದಾದ ಮೇಲೊಂದರಂತೆ ತೆರೆದುಕೊಳ್ಳುತ್ತವೆ. ಓದು ಬಾರದವನೂ ಅದರ ಸುತ್ತ ನಡೆದು ಕಥೆಯನ್ನು ತಿಳಿಯಬಲ್ಲನು. ಮುದ್ರಣಯುಗದ ಚಿತ್ರಕಥೆಗೂ ನಮಗೂ ಹತ್ತಿರದ ನಂಟುಂಟು. ಅಮರಚಿತ್ರಕಥೆಯ ಜನಕ ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಬೆಳೆದು ಹೆಸರಾದದ್ದು ಮುಂಬಯಿಯಲ್ಲಿ. ಅವರು 1967ರಲ್ಲಿ ಆ ಮಾಲೆಯನ್ನು ಕೈಗೊಳ್ಳುವ ಮೊದಲೇ, 1965ರಲ್ಲಿ, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಪಾಶ್ಚಾತ್ಯ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಹೊರಬಂದಿದ್ದುವು. ಇಂಗ್ಲಿಷ್ ಮಾಲೆಯ ಮೊದಲ ಪುಸ್ತಕವಾದ ‘ಕೃಷ್ಣ’ನಿಗೆ 11 ಎಂಬ ಕ್ರಮಾಂಕ ಬಿದ್ದಿರುವುದು ಈ ಕಾರಣದಿಂದ. ಭಾರತದ ಅತಿ ಪ್ರಸಿದ್ಧವಾದ ಚಿತ್ರಕಥಾಮಾಲೆ ಮೊದಲು ಮಾತನಾಡಿದ್ದು ನಮ್ಮ ನುಡಿಯಲ್ಲಿ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಹೆಣ್ಣು ಎಂದರೇನು, ಗಂಡು ಎಂದರೇನು ಎಂಬ ಪಾಠವನ್ನು ಚಿತ್ರಕಥೆ ಹೊಸದಾಗಿ ಆರಂಭಿಸಬೇಕಾಗಿಲ್ಲ. ಅದನ್ನು ಅದು ಎಂದಿನಿಂದಲೂ ಹೇಳುತ್ತಲೇ ಬಂದಿದೆ. ಅಮರಚಿತ್ರಕಥೆಯಲ್ಲಿ ಝಾನ್ಸಿಯ ರಾಣಿಯ ಕತ್ತಿ ಇರುವಂತೆಯೇ ಪದ್ಮಿನಿಯ ಚಿತೆಯೂ ಇದೆ. ಚಾಚಾ ಚೌಧರಿಯ ಬುದ್ಧಿ ಕಂಪ್ಯೂಟರಿಗಿಂತ ಚುರುಕು. ಅವನ ಹೆಂಡತಿ ಬೀನಿಯ ಹೆಗ್ಗುರುತೋ ಕೈಯಲ್ಲಿನ ಲಟ್ಟಣಿಗೆ. 1980ರಲ್ಲಿ ಹುಟ್ಟಿದ ಟಿಂಕಲ್ ಪತ್ರಿಕೆ ಮಕ್ಕಳನ್ನು ಎಷ್ಟೋ ನಗಿಸಿತು. ಆದರೂ ಅದರ ಪುಟಗಳಲ್ಲಿ ಸಾಹಸದ ಶಕ್ತಿಯುಳ್ಳ ನಾಯಕಿಯಾಗಿ ಒಬ್ಬ ಹುಡುಗಿ ಕಾಣಿಸಿಕೊಂಡದ್ದು 2015ರಲ್ಲಿ. ಆಕೆ ಮಿಜೋರಾಮಿನ ಮಾಪುಯಿ, ‘ವಿಂಗ್‌ಸ್ಟಾರ್’. ಮೂವತ್ತೈದು ವರ್ಷಗಳ ಕಾಲ ಓದಿದ ಮಕ್ಕಳು ಶೌರ್ಯವೆಲ್ಲ ಗಂಡಿನದೆಂದು ತಿಳಿದರೆ ತಪ್ಪು ಮಕ್ಕಳದಲ್ಲ. ಅಮೇರಿಕದ ಚಿತ್ರಕಥೆಗಾರ್ತಿ ಆಲಿಸನ್ ಬೆಕ್‌ಡೆಲ್ 1985ರ ಒಂದು ಕಥೆಯಲ್ಲಿ ಸಿನೆಮಾಗಳಿಗೆ ಮೂರು ಸರಳ ಪ್ರಶ್ನೆಗಳನ್ನು ಹಾಕಿದಳು: ಅದರಲ್ಲಿ ಇಬ್ಬರಾದರೂ ಹೆಂಗಸರಿದ್ದಾರೆಯೆ? ಅವರು ಪರಸ್ಪರ ಮಾತನಾಡುತ್ತಾರೆಯೆ? ಆ ಮಾತು ಗಂಡಸಿನ ವಿಷಯ ಬಿಟ್ಟು ಬೇರೆ ಯಾವುದಾದರೂ ಆಗಿದೆಯೆ? ನಮ್ಮ ವಿದ್ಯಾರ್ಥಿಗಳು ತಾವು ಓದಿದ ಕಥೆಗಳನ್ನೂ ನೋಡಿದ ಚಿತ್ರಗಳನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡಲಿ. ತೇರ್ಗಡೆಯಾಗುವವು ಎಷ್ಟೆಂದು ಕಂಡು ಅವರೇ ಬೆರಗಾದಾರು.

ಅಂದಮೇಲೆ ಚಿತ್ರಕಥೆ ಪಾಠ ಹೇಳಬೇಕೇ ಬೇಡವೇ ಎಂಬ ಚರ್ಚೆಗೆ ಅರ್ಥವಿಲ್ಲ. ಯಾವ ಪಾಠ ಹೇಳಬೇಕೆಂಬುದಷ್ಟೇ ನಮ್ಮ ಮುಂದಿರುವ ಪ್ರಶ್ನೆ. ಒಳ್ಳೆಯ ಪಾಠಕ್ಕೆ ಒಳ್ಳೆಯ ನಿದರ್ಶನ ‘ಮೀನಾ’. ಸಾರ್ಕ್ ರಾಷ್ಟ್ರಗಳು 1991ರಿಂದ 2000ದವರೆಗಿನ ಅವಧಿಯನ್ನು ಹೆಣ್ಣುಮಗುವಿನ ದಶಕವೆಂದು ಸಾರಿದಾಗ ಯುನಿಸೆಫ್ ಸಂಸ್ಥೆ ಈ ಬಾಲಿಕೆಯನ್ನು ಸೃಷ್ಟಿಸಿತು. ಅವಳಿಗೆ ರೂಪ ಕೊಟ್ಟವರಲ್ಲಿ ಮುಖ್ಯರಾದವರು ಮುಂಬಯಿಯ ಪ್ರಸಿದ್ಧ ಚಲನಚಿತ್ರಣಕಾರರಾದ ರಾಮಮೋಹನ್. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ ಈ ನಾಲ್ಕೂ ನಾಡುಗಳಲ್ಲಿ ನಮ್ಮವಳೇ ಎನ್ನಿಸುವಂಥ ಹೆಸರು, ಉಡುಪು, ಮನೆ, ಅಂಗಳಗಳನ್ನು ಆರಿಸಲಾಯಿತು. ಬಿಡಿಸಿದ ಚಿತ್ರಗಳನ್ನು ಹಳ್ಳಿಗಳಿಗೆ ಒಯ್ದು, ಜನರಿಗೆ ತೋರಿಸಿ, ಅವರ ಮಾತು ಕೇಳಿ ತಿದ್ದಲಾಯಿತು. ಚಲನಚಿತ್ರವಾಗಿಯೂ ಚಿತ್ರಕಥೆಯ ಪುಸ್ತಕವಾಗಿಯೂ ಮೀನಾ ಮನೆಮನೆಯನ್ನು ಹೊಕ್ಕಳು.

ಮೀನಾಳ ಕಥೆಗಳಲ್ಲಿ ಮಾವಿನಹಣ್ಣನ್ನು ಹಂಚುವ ಕಥೆ ನಮಗೆ ಬಲು ಮೆಚ್ಚಿಗೆಯಾದದ್ದು. ಹಣ್ಣಿನ ದೊಡ್ಡ ಪಾಲು ತಮ್ಮ ರಾಜುವಿಗೆ, ಸಣ್ಣ ಪಾಲು ಮೀನಾಳಿಗೆ. ಗಂಡುಹುಡುಗ, ಹೆಚ್ಚು ಕೆಲಸ ಮಾಡುತ್ತಾನೆ ಎಂಬುದು ಮನೆಯವರ ಸಮಾಧಾನ. ಹಾಗಾದರೆ ಒಂದು ದಿನದ ಮಟ್ಟಿಗೆ ಇಬ್ಬರೂ ಕೆಲಸ ಬದಲಾಯಿಸಿಕೊಳ್ಳೋಣವೆಂದು ಮಕ್ಕಳು ಗೊತ್ತು ಮಾಡಿಕೊಳ್ಳುತ್ತಾರೆ. ಸಂಜೆಯಾಗುವಷ್ಟರಲ್ಲಿ ರಾಜು ದಣಿದು ಹಣ್ಣಾಗಿದ್ದಾನೆ. ಅಕ್ಕ ದಿನವೂ ಮಾಡುವ ಕೆಲಸ ಎಷ್ಟೆಂದು ಅವನಿಗೂ ತಿಳಿಯಿತು, ತಂದೆತಾಯಿಗಳಿಗೂ ತಿಳಿಯಿತು. ಇಲ್ಲಿ ಯಾರೂ ಉಪದೇಶ ಮಾಡಲಿಲ್ಲ. ಯಾರೂ ದುಷ್ಟರಾಗಿ ಚಿತ್ರಿತರಾಗಲಿಲ್ಲ. ತಾಯಿ ಮಗಳನ್ನು ಪ್ರೀತಿಸದವಳಲ್ಲ. ತಾನು ಕಂಡು ಬೆಳೆದ ರೀತಿಯಲ್ಲಿ ಹಣ್ಣು ಕೊಯ್ದಳು, ಅಷ್ಟೇ. ಇದನ್ನು ಓದಿದ ಹುಡುಗನಿಗೆ ತನ್ನ ಮನೆಯ ತಟ್ಟೆ ನೆನಪಾಗದೆ ಇರದು. ಸಮಾನತೆಯೆಂಬ ದೊಡ್ಡ ಶಬ್ದವನ್ನು ಹತ್ತು ಸಲ ಉರುಹೊಡೆಸುವುದಕ್ಕಿಂತ ಒಂದು ಮಾವಿನಹಣ್ಣು ಹೆಚ್ಚು ಕಲಿಸುತ್ತದೆ.

ಎರಡನೆಯ ನಿದರ್ಶನ ಮುಟ್ಟಿನ ವಿಷಯದ್ದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತ ಅದಿತಿ ಗುಪ್ತಾ ಮತ್ತು ತುಹಿನ್ ಪಾಲ್ ದಂಪತಿಗಳು 2014ರಲ್ಲಿ ‘ಮೆನ್‌ಸ್ಟ್ರುಪೀಡಿಯಾ’ ಎಂಬ ಚಿತ್ರಕಥೆಯನ್ನು ಹೊರತಂದರು. ಅದಿತಿ ಬೆಳೆದದ್ದು ಝಾರ್ಖಂಡದ ಸಣ್ಣ ಪಟ್ಟಣದಲ್ಲಿ. ಹನ್ನೆರಡನೆಯ ವಯಸ್ಸಿನಲ್ಲಿ ಋತುಮತಿಯಾದಾಗ ತನಗೆ ದೊರೆತ ತಿಳಿವಳಿಕೆಯೆಲ್ಲ ನಿಷೇಧಗಳ ಪಟ್ಟಿಯಾಗಿತ್ತೆಂದು ಆಕೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅವರ ಪುಸ್ತಕದಲ್ಲಿ ಮೂವರು ಹುಡುಗಿಯರು, ತಿಳಿಯಹೇಳುವ ಒಬ್ಬ ಅಕ್ಕ. ದೇಹದಲ್ಲಿ ಏನು ನಡೆಯುತ್ತದೆ, ಏಕೆ ನಡೆಯುತ್ತದೆ, ಶುಚಿಯಾಗಿರುವುದು ಹೇಗೆ ಎಂಬುದನ್ನೆಲ್ಲ ಆ ಅಕ್ಕ ಗೆಳತಿಯಂತೆ ಹೇಳುತ್ತಾಳೆ. ರಕ್ತದ ಭೀಕರತೆಯಿಲ್ಲ, ನಗ್ನತೆಯ ಪ್ರದರ್ಶನವಿಲ್ಲ; ಮುಚ್ಚುಮರೆಯೂ ಇಲ್ಲ. ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳಿಗೆ ಅದು ಅನುವಾದವಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಆ ದಿನಗಳಲ್ಲಿ ಶುಚಿಯಾದ ಸಾಧನಗಳನ್ನು ಬಳಸುವವರು 2015–16ರಲ್ಲಿ ಶೇಕಡಾ 57.6, 2019–21ರಲ್ಲಿ ಶೇಕಡಾ 77.3. ಈ ಏರಿಕೆಗೆ ಕಾರಣಗಳು ಅನೇಕ. ಚಿತ್ರಕಥೆಯೊಂದಕ್ಕೇ ಅದರ ಕೀರ್ತಿ ಸಲ್ಲದು. ಆದರೆ ಬಟ್ಟೆಯೋ ಪ್ಯಾಡೋ ಅಂಗಡಿಯಲ್ಲಿ ಸಿಗುತ್ತದೆ. ‘ಇದು ರೋಗವಲ್ಲ, ಪಾಪವಲ್ಲ’ ಎಂಬ ಧೈರ್ಯ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಯಾರಾದರೂ ಹೇಳಬೇಕು, ಇಲ್ಲವೆ ಯಾವುದಾದರೂ ಪುಸ್ತಕ ಹೇಳಬೇಕು.

ಚಿತ್ರಕಥೆಯ ವಿಶೇಷ ಗುಣವೊಂದು ಇಲ್ಲಿ ಎದ್ದು ಕಾಣುತ್ತದೆ. ಉಪನ್ಯಾಸವಾದರೆ ಎಲ್ಲರ ನಡುವೆ ಕುಳಿತು, ತಲೆ ತಗ್ಗಿಸಿ ಕೇಳಬೇಕು. ಅರ್ಥವಾಗದಿದ್ದರೆ ಕೈ ಎತ್ತುವ ಧೈರ್ಯವಿರದು. ಚಲನಚಿತ್ರ ತನ್ನ ವೇಗದಲ್ಲಿ ಓಡಿಹೋಗುತ್ತದೆ. ಪುಸ್ತಕವೋ ಮಗುವಿನ ಕೈಯಲ್ಲಿ ನಿಲ್ಲುತ್ತದೆ. ನಾಚಿಕೆಯಾದಾಗ ಮುಚ್ಚಬಹುದು; ಕುತೂಹಲವಾದಾಗ ತೆರೆಯಬಹುದು; ತಿಳಿಯದ ಪುಟಕ್ಕೆ ಮೂರು ಬಾರಿ ಮರಳಬಹುದು. ಹೇಳಲಾರದ ತಾಯಿ ಅದನ್ನು ಮಗಳ ದಿಂಬಿನ ಪಕ್ಕದಲ್ಲಿ ಇಟ್ಟು ಹೋಗಬಹುದು. ಅಕ್ಷರ ಕಲಿಯದ ತಾಯಿಯೂ ಚಿತ್ರವನ್ನು ನೋಡಿ ಮಗಳೊಡನೆ ಮಾತು ತೆಗೆಯಬಹುದು. ದುಡಿಮೆಯ ಮನೆಗಳಿಂದ ಬರುವ ನಮ್ಮ ಶಾಲೆಯ ಮಕ್ಕಳ ಮಟ್ಟಿಗೆ ಇದು ಸಣ್ಣ ಲಾಭವಲ್ಲ.

ಎಲ್ಲ ಚಿತ್ರಕಥೆಗಳೂ ಒಂದೇ ತೂಕದವು ಎಂದು ನಾವು ಹೇಳುವವರಲ್ಲ. 2012ರ ದಿಸೆಂಬರದಲ್ಲಿ ದಿಲ್ಲಿಯ ತರುಣಿಯೊಬ್ಬಳ ಮೇಲೆ ನಡೆದ ಘೋರ ಅತ್ಯಾಚಾರದ ತರುವಾಯ ಎದ್ದ ಆಕ್ರೋಶದಿಂದ ಹುಟ್ಟಿದ್ದು ರಾಮ್ ದೇವಿನೇನಿ ಮೊದಲಾದವರ ‘ಪ್ರಿಯಾಸ್ ಶಕ್ತಿ’. 2014ರಲ್ಲಿ ಪ್ರಕಟವಾದ ಈ ಕಥೆಯಲ್ಲಿ ಅತ್ಯಾಚಾರಕ್ಕೊಳಗಾಗಿ ಮನೆಯವರಿಂದ ಹೊರದೂಡಲ್ಪಟ್ಟ ಪ್ರಿಯಾ, ಪಾರ್ವತಿಯ ಅನುಗ್ರಹ ಪಡೆದು ಹುಲಿಯನ್ನೇರಿ ಮರಳುತ್ತಾಳೆ. ನಾಚಿಕೆಪಡಬೇಕಾದವರು ನೊಂದವರಲ್ಲ, ನೋಯಿಸಿದವರು ಎಂದು ಅದು ಗಟ್ಟಿಯಾಗಿ ಹೇಳಿತು. 2016ರಲ್ಲಿ ಬಂದ ಅದರ ಮುಂದಿನ ಭಾಗ ಆಮ್ಲದಾಳಿಗೆ ಗುರಿಯಾದ ಹೆಂಗಸರ ಮುಖಗಳನ್ನು ಓದುಗರು ನೇರವಾಗಿ ನೋಡುವಂತೆ ಮಾಡಿತು. ಈ ಕೃತಿಗಳ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಶಾಲೆಯ ಮಗುವಿಗೆ ಹುಲಿ ಸಿಗುವುದಿಲ್ಲ, ದೇವತೆಯೂ ಪ್ರತ್ಯಕ್ಷಳಾಗುವುದಿಲ್ಲ. ತುಂಬಿದ ಲೋಕಲ್ ಗಾಡಿಯಲ್ಲಿ ಯಾರೋ ಮೈಗೆ ಕೈ ತಾಗಿಸಿದಾಗ ಏನು ಮಾಡಬೇಕು, ಯಾರ ಬಳಿ ಹೇಳಬೇಕು, ಹೇಳಿದವಳ ಮಾತನ್ನು ಗೆಳತಿ ಹೇಗೆ ನಂಬಬೇಕು ಎಂಬುದೇ ಅವಳಿಗೆ ಬೇಕಾದ ಕಥೆ. ಪವಾಡಕ್ಕಿಂತ ಮಾವಿನಹಣ್ಣಿನ ಕಡೆಗೆ ನಮ್ಮ ಒಲವು.

ಇನ್ನೊಂದು ವಿಷಯವನ್ನು ಹೇಳದೆ ಬಿಡಲಾಗದು. ನಡೆಯುವ ನಡೆಯೋ ಆಡುವ ದನಿಯೋ ತುಸು ಬೇರೆಯಾದ ಹುಡುಗನನ್ನು ‘ಹೆಣ್ಣಿಗ’ ಎಂದು ಹಂಗಿಸುವುದು, ಮಹಾಭಾರತದ ಶಿಖಂಡಿಯ ಹೆಸರನ್ನೇ ಬೈಗುಳವನ್ನಾಗಿ ಬಳಸುವುದು ಶಾಲೆಯ ಅಂಗಳಗಳಲ್ಲಿ ಕೇಳಿಬರುವ ಮಾತು. ಕೇಳಿ ನಗುವವರಿಗೆ ಅದೊಂದು ಕ್ಷಣದ ವಿನೋದ; ಅನ್ನಿಸಿಕೊಂಡವನಿಗೆ ಅದು ಶಾಲೆಯನ್ನೇ ಬಿಡಿಸುವ ಬರೆ. ಬಾದಾಮಿಯ ಒಂದನೆಯ ಗುಹೆಯಲ್ಲಿ ಅರ್ಧನಾರೀಶ್ವರನಿಗೆ ಕೈಮುಗಿಯುವ ನಾವು ಅಂಗಳದಲ್ಲಿ ಮಗುವನ್ನು ಹೀಗೆ ಹಳಿಯುವುದು ಎಂಥ ವಿಪರ್ಯಾಸ! 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗಿಗಳಿಗೆ ಕಾನೂನಿನ ಮನ್ನಣೆ ನೀಡಿತು. 2018ರಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ಜೋಗತಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಅದೇ ವರ್ಷದ ನವೆಂಬರದಲ್ಲಿಯೇ, ಇಂಥ ಮಕ್ಕಳನ್ನು ಶಾಲೆಯಲ್ಲಿ ಹೇಗೆ ನಡೆಸಿಕೊಳ್ಳಬೇಕೆಂದು ಶಿಕ್ಷಕರಿಗಾಗಿ ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಕೈಪಿಡಿಯನ್ನು ಆಕ್ಷೇಪಗಳು ಬಂದೊಡನೆ ಜಾಲತಾಣದಿಂದ ತೆಗೆದುಹಾಕಲಾಯಿತು. ನ್ಯಾಯಾಲಯವೂ ರಾಷ್ಟ್ರಪತಿಭವನವೂ ಗುರುತಿಸಿದ ಮನುಷ್ಯರನ್ನು ಶಾಲೆ ಗುರುತಿಸಲು ಅಂಜಬೇಕೆ? ಅಮೃತಾ ಪಾಟೀಲರ ‘ಕರಿ’ ಎಂಬ ಚಿತ್ರಕಾದಂಬರಿ, ಹೆಣ್ಣನ್ನು ಪ್ರೀತಿಸುವ ತರುಣಿಯೊಬ್ಬಳ ಮಹಾನಗರದ ಬಾಳನ್ನು 2008ರಲ್ಲಿಯೇ ಇಂಗ್ಲಿಷಿನಲ್ಲಿ ಚಿತ್ರಿಸಿತು. ಅದು ಪ್ರೌಢರ ಓದಿಗೆ ತಕ್ಕುದು. ಮಕ್ಕಳಿಗೆ ತಕ್ಕುದಾದ, ಕನ್ನಡದಲ್ಲಿ ಹುಟ್ಟಿದ ಅಂಥ ಕಥೆ ನಮ್ಮ ಶಾಲೆಗಳ ಕಪಾಟುಗಳಿಗೆ ಬರಬೇಕಾಗಿದೆ.

ಇಷ್ಟಕ್ಕೂ ಆಕ್ಷೇಪಗಳು ಏಳದಿರುವುದಿಲ್ಲ. ತಿಳಿಯದ ಮಕ್ಕಳಿಗೆ ತಿಳಿಸಿ ಕೆಡಿಸಿದಂತಾಗುವುದಿಲ್ಲವೆ ಎಂಬುದು ಮೊದಲನೆಯದು. ಮಕ್ಕಳು ತಿಳಿಯದೆ ಇಲ್ಲ, ತಪ್ಪಾಗಿ ತಿಳಿಯುತ್ತಿದ್ದಾರೆಂಬುದನ್ನು ಮೇಲೆಯೇ ಹೇಳಿದ್ದೇವೆ. ಚಿತ್ರಕಥೆಯೇ ಮಕ್ಕಳನ್ನು ಕೆಡಿಸುವ ವಸ್ತು ಎಂಬುದು ಎರಡನೆಯದು. ಈ ಮಾತನ್ನು ಅಮೇರಿಕದಲ್ಲಿ ಫ್ರೆಡರಿಕ್ ವರ್ಥಮ್ ಎಂಬ ಮನೋವೈದ್ಯನು 1954ರಲ್ಲಿ ಒಂದು ಗ್ರಂಥವನ್ನೇ ಬರೆದು ಹೇಳಿದನು. ಗದ್ದಲ ಎಷ್ಟಾಯಿತೆಂದರೆ ಪ್ರಕಾಶಕರು ಅದೇ ವರ್ಷ ತಮಗೆ ತಾವೇ ಕಟ್ಟುನಿಟ್ಟಾದ ನಿಯಮಾವಳಿಯೊಂದನ್ನು ಹಾಕಿಕೊಂಡರು. ಸಲಿಂಗಪ್ರೇಮದ ಸೂಚನೆಯೂ ಪುಟದಲ್ಲಿ ಬರಕೂಡದೆಂಬುದು ಅದರ ಅರ್ಥವಾಗಿತ್ತು. ಆ ವೈದ್ಯನು ತನ್ನ ವಾದಕ್ಕೆ ಒಪ್ಪುವಂತೆ ಮಕ್ಕಳ ಹೇಳಿಕೆಗಳನ್ನು ತಿದ್ದಿ ಬಳಸಿದ್ದನೆಂಬುದನ್ನು ಕೆರೊಲ್ ಟಿಲ್ಲಿ ಎಂಬ ವಿದುಷಿ ಅವನ ಕಾಗದಪತ್ರಗಳನ್ನು ಶೋಧಿಸಿ 2012ರಲ್ಲಿ ತೋರಿಸಿಕೊಟ್ಟಳು. ಭಯದಿಂದ ಮಾಡಿದ ನಿಯಮ ದಶಕಗಳ ಕಾಲ ಬಾಳಿತು. ಅದಕ್ಕೆ ಆಧಾರವಾದ ಸಾಕ್ಷ್ಯ ಮಾತ್ರ ಟೊಳ್ಳಾಗಿತ್ತು. ನಮ್ಮ ಸಂಸ್ಕೃತಿಗೆ ಇದು ಒಗ್ಗದು ಎಂಬುದು ಮೂರನೆಯದು. ಸೂತಕವನ್ನು ಮೀರಿದ ಶರಣರೂ ಅರ್ಧನಾರೀಶ್ವರನನ್ನು ಕಡೆದ ಶಿಲ್ಪಿಗಳೂ ನಮ್ಮ ಸಂಸ್ಕೃತಿಯವರೇ ಎಂಬುದಷ್ಟೇ ಇದಕ್ಕೆ ನಮ್ಮ ಉತ್ತರ.

ಹಾಗಾದರೆ ನಾವು ಮಾಡಬಹುದಾದುದೇನು? ನಮ್ಮ ಸೂಚನೆಗಳು ದೊಡ್ಡವಲ್ಲ, ದುಬಾರಿಯವೂ ಅಲ್ಲ. ಶಾಲೆಯ ವಾಚನಾಲಯದಲ್ಲಿ ಇಂಥ ಚಿತ್ರಕಥೆಗಳಿಗೆ ಒಂದು ಕಪಾಟು ಮೀಸಲಾಗಲಿ, ಅದಕ್ಕೆ ಬೀಗ ಬೇಡ. ಮುಟ್ಟಿನ ಪುಸ್ತಕ ಹುಡುಗಿಯರಿಗೆ ಮಾತ್ರ ಎಂಬ ಕಟ್ಟು ಬೇಡ, ಹುಡುಗರೂ ಓದಲಿ. ತಂಗಿಯ ಹೊಟ್ಟೆನೋವಿನ ಕಾರಣ ತಿಳಿದ ಅಣ್ಣ ಅವಳನ್ನು ನಗೆಯಾಡಲಾರ. ಪಾಲಕರ ಸಭೆಯಲ್ಲಿ ಅಂಕಗಳ ವಿಚಾರದೊಡನೆ ಈ ಪುಸ್ತಕಗಳನ್ನೂ ಮೇಜಿನ ಮೇಲೆ ಇಡಲಿ. ತಾಯಂದಿರು ಕೈಗೆತ್ತಿಕೊಂಡು ನೋಡಲಿ.

ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯಾರ್ಥಿಗಳೇ ಚಿತ್ರಕಥೆ ಬರೆಯುವಂತಾಗಲಿ. ದಿಲ್ಲಿಯ ಶರದ್ ಶರ್ಮಾ ಅವರು ಸ್ಥಾಪಿಸಿದ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಸಂಸ್ಥೆ ಇದರ ದಾರಿಯನ್ನು ತೋರಿಸಿದೆ. ಅವರ ಪದ್ಧತಿ ತೀರ ಸರಳ: ಎರಡು ಹಾಳೆ ಕಾಗದವನ್ನು ಅಂಟಿಸಿ ನಾಲ್ಕು ಚೌಕಗಳನ್ನು ಮಾಡುವುದು, ಮೊದಲನೆಯದರಲ್ಲಿ ಕಥೆಯ ಆರಂಭ, ನಡುವಣ ಎರಡರಲ್ಲಿ ತೊಡಕು, ಕೊನೆಯದರಲ್ಲಿ ತಿರುವು. ಅದನ್ನು ನಕಲು ತೆಗೆಸಿ ಚಹದಂಗಡಿಯ, ಬಸ್ಸು ನಿಲ್ದಾಣದ ಗೋಡೆಗೆ ಹಚ್ಚುವುದು. ಬರೆಯುವವರು ಕಲಾವಿದರಾಗಿರಬೇಕಾಗಿಲ್ಲ, ಆ ಊರಿನವರಾಗಿದ್ದರೆ ಸಾಕು. ಹೀಗೆ ಹಳ್ಳಿಗಾಡಿನ ಹೆಂಗಸರೂ ಮಕ್ಕಳೂ ತಮ್ಮ ಮನೆಬಾಗಿಲಿನ ಸಂಕಟಗಳನ್ನು ತಾವೇ ಚಿತ್ರಿಸಿದ್ದಾರೆ.

ಎರಡು ಹಾಳೆಯೂ ಒಂದು ಪೆನ್ಸಿಲೂ ಯಾವ ಬಡ ಶಾಲೆಗೂ ಭಾರವಾಗವು. ವರ್ಷಕ್ಕೊಮ್ಮೆ ರಂಗವಲ್ಲಿಯ ಸ್ಪರ್ಧೆಯನ್ನೂ ಭಾಷಣದ ಸ್ಪರ್ಧೆಯನ್ನೂ ಏರ್ಪಡಿಸುವಂತೆಯೇ ನಾಲ್ಕು ಚೌಕದ ಕಥೆಯ ಸ್ಪರ್ಧೆಯನ್ನೂ ಏರ್ಪಡಿಸಬಹುದು. ಶಾಲೆ ಬಿಡಿಸಿ ಮದುವೆಗೆ ಗೊತ್ತು ಮಾಡಿದ ಗೆಳತಿ, ಮನೆಯಲ್ಲಿ ಪಾತ್ರೆ ತೊಳೆಯಲು ನಾಚುವ ಅಣ್ಣ, ಹಂಗಿಸಿಕೊಂಡು ಹಿಂದಿನ ಬೆಂಚಿಗೆ ಸರಿದ ಹುಡುಗ, ‘ಯಾರಿಗೂ ಹೇಳಬೇಡ’ ಎನ್ನುವ ಪರಿಚಿತ ಗೃಹಸ್ಥ, ಇವರೆಲ್ಲ ಆ ಚೌಕಗಳಿಗೆ ತಾವಾಗಿಯೇ ಬಂದು ಸೇರುವರು. ಬಾಯಿಂದ ಹೊರಡದ ಮಾತು ಚಿತ್ರದ ಪಾತ್ರವೊಂದರ ಬಾಯಿಂದ ಹೊರಡುವುದು. ಅಂಥ ಚಿತ್ರವನ್ನು ಕಂಡ ಗುರುಗಳು ಅದನ್ನು ಬರೆದ ಮಗುವಿನ ಕಡೆಗೆ ಒಮ್ಮೆ ಕಣ್ಣೆತ್ತಿ ನೋಡಲಿ. ಕೆಲವು ವೇಳೆ ಅದು ಕಥೆಯಾಗಿರದೆ ದೂರೂ ಆಗಿರಬಹುದು. ಅಂಥ ದೂರನ್ನು ಕೇಳುವುದಕ್ಕೆಂದೇ 2012ರಲ್ಲಿ ಪೋಕ್ಸೋ ಕಾಯಿದೆ ಬಂದಿದೆ. ತಿಳಿದೂ ಸುಮ್ಮನಿರುವುದು ಆ ಕಾಯಿದೆಯ ದೃಷ್ಟಿಯಲ್ಲಿ ಅಪರಾಧ.

ಹೊರನಾಡಿನ ಕನ್ನಡ ಶಾಲೆಗಳು ಉಳಿಯಬೇಕೆಂದು ನಾವೆಲ್ಲರೂ ಹಂಬಲಿಸುತ್ತೇವೆ. ಭಾಷೆ ಉಳಿಯುವುದು ಉತ್ಸವಗಳಿಂದ ಮಾತ್ರವಲ್ಲ. ಮಗುವಿಗೆ ತನ್ನ ಅತಿ ಕಷ್ಟದ ಪ್ರಶ್ನೆಯನ್ನು ಕೇಳಲು ಆ ಭಾಷೆ ನೆರವಾದರೆ ಅದು ಉಳಿಯುತ್ತದೆ. ಭಯವಾದಾಗ, ನೋವಾದಾಗ, ನಾಚಿಕೆಯಾದಾಗ ಕನ್ನಡದಲ್ಲಿ ಮಾತು ಸಿಗದಿದ್ದರೆ ನಮ್ಮ ಮಕ್ಕಳು ಬೇರೊಂದು ನುಡಿಯನ್ನು ಹುಡುಕಿಕೊಂಡು ಹೋಗುವರು. ಆಗ ಅವರನ್ನು ದೂರುವ ಹಕ್ಕು ನಮಗಿರದು. ಮುಂದಿನ ವರ್ಷದ ಈ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿಗಳೇ ಬರೆದ ನಾಲ್ಕು ಚೌಕದ ಕಥೆಗಳಿಗೆ ಒಂದೆರಡು ಪುಟಗಳು ಮೀಸಲಾಗಲಿ. ಗೆರೆ ಸೊಟ್ಟಗಿದ್ದರೂ ಚಿಂತೆಯಿಲ್ಲ, ಮಾತು ನೇರವಾಗಿದ್ದರೆ ಸಾಕು.